ಗೌರವ್ವ ಹೊಡೆಯದ ಬೆಕ್ಕು

ನಮ್ಮ ಬೆಕ್ಕಿನ ಹಿಂಗಾಲು ಸೋತದ್ದು ಗೌರವ್ವನ ಪೆಟ್ಟಿನಿಂದ ಎಂದು ಹೇಳಿದವಳು ನಾನು. ಅದು ಸುಳ್ಳು. ಹೇಳುವಾಗಲೂ ಸುಳ್ಳೆಂದು ಗೊತ್ತಿತ್ತು.

ನಾನು ಹರಿಹರದ ಮನೆಗೆ ಸೊಸೆಯಾಗಿ ಬಂದ ಎರಡನೆಯ ವರ್ಷ ಅದು. ಅತ್ತೆಗೆ ಮಲ್ಲಿ ಎಂದರೆ ಜೀವ—ಹನ್ನೆರಡು ವರ್ಷದ ಬಿಳಿ ಬೆಕ್ಕು. ಆ ಬೇಸಿಗೆ ಅದು ತಿಂದಷ್ಟೂ ಸೊರಗಿತು. ಬಚ್ಚಲಿನ ನೀರನ್ನೂ ಬಿಡದೆ ಕುಡಿಯಿತು. ಕಂಡಕಂಡಲ್ಲಿ ಉಚ್ಚೆ ಹೊಯ್ದಿತು. ಅಲ್ಲೆಲ್ಲ ಇರುವೆ ಮುತ್ತುತ್ತಿದ್ದವು. ಒರೆಸುತ್ತಿದ್ದೆ, ಬೈಯುತ್ತಿದ್ದೆ—ಯೋಚಿಸಲಿಲ್ಲ. ಒಂದು ಬೆಳಿಗ್ಗೆ ಮಡಿಸಿಟ್ಟ ನನ್ನ ಸೀರೆಯ ಮೇಲೆಯೇ ಹೊಯ್ದಿತ್ತು. ಕೈಗೆ ಸಿಕ್ಕ ಮಣೆಯನ್ನು ಬೀಸಿ ಒಗೆದೆ. ಅದು ಮಲ್ಲಿಯ ಸೊಂಟಕ್ಕೆ ತಾಗಿತು.

ಎರಡು ದಿನಕ್ಕೆ ಮಲ್ಲಿ ಹಿಂಗಾಲಿನ ಹಿಮ್ಮಡಿಯನ್ನು ಪೂರಾ ನೆಲಕ್ಕೂರಿ, ತೆವಳುವಂತೆ ನಡೆಯತೊಡಗಿತು. ಹೊಸ್ತಿಲು ದಾಟಲಾಗಲಿಲ್ಲ.

"ಯಾರು ಹೊಡೆದ್ರು ಇದಕ್ಕೆ?" ಅತ್ತೆ ಕೇಳಿದರು.

"ಗೌರವ್ವ ಒನಕೆ ಬೀಸಿದ್ದು ನೋಡೀನ್ರಿ" ಎಂದುಬಿಟ್ಟೆ.

ಗೌರವ್ವ ಗುತ್ತೂರಿನಿಂದ ದಿನಾ ನಡೆದು ಬಂದು ನಮ್ಮಲ್ಲಿ ಕಸಮುಸುರೆ ಮಾಡುತ್ತಿದ್ದವಳು. ನನಗಿಂತ ಎಷ್ಟೋ ಮೊದಲಿಂದ ಆ ಮನೆಯಲ್ಲಿ ಓಡಾಡಿದವಳು. "ನಾ ಮುಟ್ಟಿಲ್ರಿ ಅಮ್ಮಾರೆ" ಎಂದಳು. ನನ್ನತ್ತ ಒಮ್ಮೆ ನೋಡಿದಳು, ಅಷ್ಟೆ.

"ನಾಳಿಂದ ಬರಬ್ಯಾಡ" ಎಂದರು ಅತ್ತೆ.

ಮಲ್ಲಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ರೈಲಿನಲ್ಲಿ ದಾವಣಗೆರೆಗೆ ಹೋದೆ. ದನದ ಡಾಕ್ಟರು ಬೆನ್ನುಮೂಳೆಯನ್ನು ಒತ್ತಿ ನೋಡಿದರು. ಅಷ್ಟರಲ್ಲಿ ಅದು ಮೇಜಿನ ಮೇಲೆಯೇ ಹೊಯ್ದಿತು. ಇರುವೆಯ ಮಾತು ಆಡಿದೆ. ಅವರು ಆ ಉಚ್ಚೆಯ ನಾಲ್ಕು ಹನಿಯನ್ನು ನೀಲಿ ಔಷಧಿಗೆ ಬೆರೆಸಿ ಕಾಯಿಸಿದರು—ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ಪೆಟ್ಟಲ್ಲಮ್ಮ ಇದು, ಸಕ್ಕರೆ ಕಾಯಿಲೆ. ಅದರಿಂದ ಕಾಲಿನ ನರ ಸೋತಾವೆ."

ಅಲ್ಲೇ ಅತ್ತುಬಿಟ್ಟೆ. ಅದರ ಸೊಂಟ ಮುರಿದವಳು ನಾನಲ್ಲ—ಎದೆ ಅಷ್ಟು ಹಗುರವಾಗಿತ್ತು. ಗೌರವ್ವ ಆಗ ನನ್ನ ನೆನಪಿಗೇ ಬರಲಿಲ್ಲ.

ಬಂದದ್ದು ಮನೆಯಲ್ಲಿ. "ಹಂಗಾದ್ರೆ ಗೌರಿ ಹೊಡೆದಿಲ್ಲೇನು?" ಎಂದು ಅತ್ತೆ ಕೇಳಿದಾಗ. ನಿಜ ಹೇಳಲು ಬಾಗಿಲು ತಾನಾಗಿ ತೆರೆದಿತ್ತು. ನಾನು ಹೇಳಿದ್ದು: "ಹೊಡೆದದ್ದು ಬ್ಯಾರೆ, ರೋಗ ಬ್ಯಾರೆ ರೀ." ಮೊದಲನೆಯದು ಹೆದರಿ ಆಡಿದ ಸುಳ್ಳು. ಇದು—ಇದಕ್ಕೆ ಹೆಸರು ಹುಡುಕುತ್ತಲೇ ಇದ್ದೇನೆ.

ಮಲ್ಲಿಯ ಸೇವೆಯನ್ನು ಮಾತ್ರ ಮೈಮುರಿದು ಮಾಡಿದೆ. ಗಾಜಿನ ಸಿರಿಂಜು ಕುದಿಸಿ, ಡಾಕ್ಟರು ತೋರಿಸಿದಂತೆ ದಿನಾ ಇನ್ಸುಲಿನ್ ಚುಚ್ಚಿದೆ. ಸೀಸೆಯನ್ನು ನೀರಿನ ಗಡಿಗೆಯ ತಂಪಿನಲ್ಲಿಟ್ಟೆ. ಹಾಲನ್ನ ನಿಂತಿತು. ನಮ್ಮದು ಮೀನು ಮುಟ್ಟದ ಮನೆ. ಪಕ್ಕದ ಮನೆಯಾಕೆ ಹೊಳೆಮೀನು ಬೇಯಿಸಿ ಹಿತ್ತಲಲ್ಲಿ ತಿನ್ನಿಸುತ್ತಿದ್ದಳು, ಅತ್ತೆ ಮುಖ ತಿರುಗಿಸಿ ಕೂರುತ್ತಿದ್ದರು. ಕಾಲು ಜಾರದಂತೆ ನೆಲದ ತುಂಬ ಗೋಣಿಚೀಲ ಹಾಸಿದೆ. ನಾಲ್ಕು ತಿಂಗಳಿಗೆ ಮಲ್ಲಿ ಹಿಮ್ಮಡಿ ಎತ್ತಿ ನಡೆಯಿತು. ಮತ್ತೆರಡು ವರ್ಷ ಬದುಕಿತು. ಊರು ನನ್ನನ್ನು ಹೊಗಳಿತು. ಗೌರವ್ವನನ್ನು ಬೆಕ್ಕಿನ ಸೊಂಟ ಮುರಿದವಳೆಂದಿತು. ಹರಿಹರದಲ್ಲಿ ಅವಳಿಗೆ ಬೇರೆ ಮನೆಗೆಲಸ ಸಿಗಲಿಲ್ಲ.

ಒಂಬತ್ತು ವರ್ಷ ಕಳೆದ ಮೇಲೆ, ಕಳೆದ ತಿಂಗಳು ಗುತ್ತೂರಿಗೆ ಹೋದೆ. ಗೌರವ್ವ ಇಟ್ಟಿಗೆ ಭಟ್ಟಿಯಿಂದ ಆಗಷ್ಟೇ ಬಂದಿದ್ದಳು. ಕೈ ಒರಟಾಗಿ ಬಿರಿದಿತ್ತು. ನಿಂತೇ ಎಲ್ಲ ಹೇಳಿದೆ.

"ಮಣೆ ಒಗೆದದ್ದು ನಾ ನೋಡಿದ್ದೆ ಅಕ್ಕಾರೆ" ಎಂದಳು.

"ಮತ್ತ ಯಾಕ ಹೇಳಲಿಲ್ಲ?"

"ಯಾರು ನಂಬ್ತಿದ್ರು?" ಕೈಗೆ ಮೆತ್ತಿದ ಮಣ್ಣನ್ನು ಕೊಡವುತ್ತ ಕೇಳಿದಳು, "ಬೆಕ್ಕು ನಡೀತೇನ್ರಿ?"

"ನಡೀತವ್ವ."

"ಇಷ್ಟು ಹೇಳಾಕೆ ಒಂಬತ್ತು ವರ್ಷ ಬೇಕಾತೇನು? ನನಗೆ ಹೇಳಿದ್ರೆ ಏನು ಬಂತು. ಅಮ್ಮಾರ ಮುಂದೆ ಹೇಳ್ರಿ."

ಅಂದು ಸಂಜೆಯೇ ಅತ್ತೆಯ ಮುಂದೆ ಹೇಳಿದೆ. ಅವರು ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟರು. ಆಮೇಲೆ, "ನಾಳೆ ಗಾಡಿ ಕರೆಸು" ಎಂದರು.

ಮರುದಿನ ಗುತ್ತೂರಿನ ಆ ಅಂಗಳದಲ್ಲಿ, ಅಕ್ಕಪಕ್ಕದವರು ನೋಡುತ್ತಿದ್ದಂತೆ, ಎಪ್ಪತ್ತು ದಾಟಿದ ನನ್ನತ್ತೆ ಹೇಳಿದರು: "ಗೌರಿ, ನೀ ಹೊಡೆದಿರಲಿಲ್ಲ. ತಪ್ಪು ನಮ್ಮ ಮನೀದು." ಗೌರವ್ವ ಸೆರಗಿನಿಂದ ಕಣ್ಣೊತ್ತಿಕೊಂಡು, "ಕೂಡ್ರಿ ಅಮ್ಮಾರೆ" ಎಂದು ಚಾಪೆ ಹಾಸಿದಳು. ನನಗೂ ಜಾಗ ಬಿಟ್ಟಳು.

ಈಗ ನಿರಾಳವಾಗಿ ಉಸಿರಾಡುತ್ತಿದ್ದೇನೆ. ಕ್ಷಮೆ ನಾನು ಕೇಳಲಿಲ್ಲ, ಅವಳೂ ಆ ಮಾತೆತ್ತಲಿಲ್ಲ. ಆ ಒಂಬತ್ತು ವರ್ಷ ಅವಳವು—ನಾನು ಕಿತ್ತುಕೊಂಡವು, ಹಿಂದಿರುಗಿಸಲಾರದವು.