ಸಿಂಪಿಗ ಹಣಮಂತಪ್ಪ ಕೂರುತ್ತಿದ್ದ ಜಾಗ

...ಅಥವಾ ಅದು ಬನ್ನಿಗಿಡವೇ ಅಲ್ಲವೇನೋ. ಜಾಲಿ ಇದ್ದರೂ ಇರಬಹುದು. ಗಿಡ ಒಂದಿತ್ತು ಎಂಬುದು ಮಾತ್ರ ಖಾತ್ರಿ. (ಖಾತ್ರಿ ಎಂಬ ಶಬ್ದವನ್ನು ಈ ವಾರ ಬಹಳ ಹೆದರಿ ಬಳಸುತ್ತಿದ್ದೇನೆ.)

ಈ ಅಂಕಣ ಓದುವವರಿಗೆ ನೆನಪಿರಬಹುದು. ದೀಪಾವಳಿ ಮುಗಿದ ಮೇಲೆ ಆಳಂದದ ಸಿಂಪಿಗ ಹಣಮಂತಪ್ಪ ತೀರಿಕೊಂಡಾಗ ಇದೇ ಜಾಗದಲ್ಲಿ ಆತನ ಬಗ್ಗೆ ಬರೆದಿದ್ದೆ. ವಾರವಿಡೀ ಮೆಷಿನ್ ತುಳಿದು, ಶುಕ್ರವಾರದ ರಜೆ ಬಂತೆಂದರೆ ರೊಟ್ಟಿ ಕಟ್ಟಿಕೊಂಡು ನಿಂಬರ್ಗಾದ ಹಾದಿ ಹಿಡಿಯುತ್ತಿದ್ದ ಮನುಷ್ಯ. ಸ್ವಂತಕ್ಕೆ ಗೇಣು ಹೊಲವಿರಲಿಲ್ಲ. ಹೊಲದ ಹುಚ್ಚು ಮಾತ್ರ ಗೌಡರಿಗಿಂತ ಹೆಚ್ಚು. ಅಂಗಡಿಯಲ್ಲಿ ಮೆಷಿನ್ನನ್ನು ಬಾಗಿಲಿಗೆ ಎದುರಾಗಿ ಇಟ್ಟುಕೊಂಡಿದ್ದ, ಆಕಾಶ ಕಾಣಲಿ ಎಂದು. ಮೋಡ ಬಂದರೆ ಕಣ್ಣು ಮೇಲೆ, ಕಾಲು ಕೆಳಗೆ. ಮಳೆಗಾಲದಲ್ಲಿ ಹೊಲಿಸಿದ ನನ್ನ ಕೋಟಿನ ಎಡತೋಳು ಬಲತೋಳಿಗಿಂತ ಎರಡು ಬೆರಳು ಉದ್ದ. ಬಟ್ಟೆಗೆ ಪರ್ಮಿಟ್ ಬೇಕಾಗಿದ್ದ ಯುದ್ಧದ ಕಾಲದಲ್ಲಿ ಅದು ಸಣ್ಣ ಮಾತಾಗಿರಲಿಲ್ಲ.

ಇದೆಲ್ಲ ನಿಜ. ಕೋಟು ಇನ್ನೂ ನನ್ನಲ್ಲಿದೆ.

ಆದರೆ ಬರಹವನ್ನು ಕೋಟಿನಿಂದ ಮುಗಿಸಿದರೆ ಗಂಭೀರವಾಗುತ್ತದೆಯೇ? ಹಾಗಾಗಿ ಹೀಗೆ ಮುಗಿಸಿದ್ದೆ: "ಹಳ್ಳದ ದಂಡೆಯ ಬನ್ನಿಗಿಡದ ಕೆಳಗೆ ಕೂತು, ತೊಗರಿ ಹೊಲಗಳನ್ನು ನೋಡುತ್ತ ಆತ ಲೋಕವನ್ನೇ ಮರೆಯುತ್ತಿದ್ದ."

ಒಳ್ಳೆಯ ವಾಕ್ಯ, ಅಲ್ಲವೇ? ಕೊಳಕೂರದ ಓದುಗರೊಬ್ಬರು ಕಣ್ಣಲ್ಲಿ ನೀರು ಬಂತೆಂದು ಕಾರ್ಡು ಬರೆದರು. ಆ ಕಾರ್ಡನ್ನು ನಾಲ್ಕು ಜನರಿಗೆ ತೋರಿಸಿದೆ. ಇನ್ನಷ್ಟು ಜನರಿಗೆ ತೋರಿಸುವ ವಿಚಾರವಿತ್ತು. ಅಷ್ಟರಲ್ಲಿ ಹಣಮಂತಪ್ಪನ ಹೆಂಡತಿ ನಾಗಮ್ಮ ನಮ್ಮ ಮನೆಗೆ ಬಂದಳು.

ಎಳ್ಳಮಾವಾಸ್ಯೆಯ ಮರುದಿನ. ಕಂಕುಳಲ್ಲಿ ಬುಟ್ಟಿ.

"ಮಾಸ್ತರ್ರೀ, ನೀವು ಬರದ ಗಿಡಕ್ಕ ನಿನ್ನೆ ಹೋಗಿ ಬಂದೇವ್ರಿ" ಎಂದಳು.

ಎಳ್ಳಮಾವಾಸ್ಯೆ ಎಂದರೆ ನಮ್ಮ ಕಡೆ ಊರೆಲ್ಲ ಹೊಲದಲ್ಲಿ. ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು. ಮೊದಲು ಅದರಲ್ಲಿ ಭೂಮಿಯ ಪಾಲನ್ನು ಬೆಳೆಯ ನಡುವೆ ಚೆಲ್ಲಬೇಕು, ಅದು ಚರಗ. ಆಮೇಲೆ ಊಟ. ಆ ದಿನ ನಾಗಮ್ಮ ಪ್ರತಿ ವರ್ಷ ಗೊಬ್ಬೂರಿನ ತವರಿಗೆ, ಅಣ್ಣನ ಹೊಲಕ್ಕೆ ಹೋಗುತ್ತಿದ್ದಳು. ಹಣಮಂತಪ್ಪ ಮಾತ್ರ ತನ್ನ ಪಾಲಿನ ಬುತ್ತಿ ಕಟ್ಟಿಸಿಕೊಂಡು ಒಬ್ಬನೇ ನಿಂಬರ್ಗಾದ ಹಾದಿಗೆ. ಯಾರದೋ ಹೊಲದಲ್ಲಿ ತನ್ನ ಚರಗ ಚೆಲ್ಲಿ ಬರುತ್ತಿದ್ದ.

ಈ ವರ್ಷ ಆತನಿಲ್ಲ. ಆತನ ಚರಗ ಆತನ ಜಾಗದಲ್ಲೇ ಬೀಳಬೇಕೆಂದು ನಾಗಮ್ಮ ತವರಿಗೆ ಹೋಗಲಿಲ್ಲ. ಅಣ್ಣನನ್ನೇ ಬಂಡಿ ಸಮೇತ ಇಲ್ಲಿಗೆ ಕರೆಸಿಕೊಂಡಳು. ನನ್ನ ಅಂಕಣವನ್ನು ನೆರೆಮನೆಯವರಿಂದ ಎರಡು ಸಲ ಓದಿಸಿಕೊಂಡು, ನಾನು ಹೇಳಿದ ಗಿಡ ಹುಡುಕಿಕೊಂಡು ಹೋದಳು.

"ಅಲ್ಲಿ ಬಂಡಿ ನಿಲ್ಲಸ್ತಾರ್ರಿ. ಎಲ್ಲಾ ಸಗಣಿ, ಬೀಡಿ ತುಂಡು. ನಾಕ ಮಂದಿ ಕುಂತು ಇಸ್ಪೀಟ ಆಡಾಕತ್ತಿದ್ದರು. ನಮ್ಮ ಮನಿಯವರು ಅಂಥಲ್ಲಿ ಕುಂಡ್ರತಿದ್ದರೇನ್ರಿ? ಹಾದಿ ಮಗ್ಗಲಿಗೆ ಕುಂತರ ಮಂದಿ ಬಂದು ಅಂಗಿ ಯಾವಾಗ ಕೊಡ್ತಿ ಅಂತ ಕೇಳತಾರಂತ, ಊರು ದಾಟಿದ ಕೂಡಲೇ ಹೊಲ ಹೊಕ್ಕೋರು ಅವರು."

"ಅಮಾಸಿ ದಿನ ಮಂದಿ ಇರತಾರ. ಬ್ಯಾರೆ ದಿನ..." ಎಂದೆ.

"ನೀವು ಅವರ ಕೂಡ ಹೋಗಿದ್ದಿರಿ ಅಂತ ಬರದೀರಿ."

"ಹೋಗಿದ್ದೆ."

"ಎಷ್ಟು ಸಲ್ರೀ?"

ಅಂಕಣದಲ್ಲಿ 'ಅನೇಕ ಸಲ' ಎಂದಿತ್ತು. "ಒಂದು ಸಲ" ಎಂದೆ.

ಆ ಒಂದು ಸಲ ಏನಾಯಿತು? ಸೊಲ್ಲಾಪುರದಿಂದ ಹೊಸ ಬೂಟು ತಂದಿದ್ದೆ. ಮಾಸ್ತರನೂ ಲಾಂಗ್ ವಾಕ್ ಹೋಗಬಲ್ಲ ಎಂದು ಊರಿಗೆ ತೋರಿಸಬೇಕಿತ್ತು. ಎರಡು ಮೈಲಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಗಿಡದ ಕೆಳಗೆ ಕುಸಿದು ಕೂತೆ. ಹಣಮಂತಪ್ಪ ಬಗ್ಗಿ ನನ್ನ ಕಾಲು ನೋಡಿದ.

"ಮಾಸ್ತರ್ರೀ, ಬೂಟಿಗೆ ಅಳತಿ ನಿಮ್ಮ ಕಾಲಿಂದು ಕೊಟ್ಟಿದ್ದಿರೋ, ಮಗಂದು ಕೊಟ್ಟಿದ್ದಿರೋ?"

ಕೋಟಿಗೆ ಒಂದು ತೋಳು ಉದ್ದ ಹೊಲಿದ ಸಿಂಪಿಗ ಅಳತೆಯ ಮಾತಾಡುತ್ತಾನಲ್ಲ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಬೂಟು ಬಿಚ್ಚಲು ಆತನ ಸಹಾಯ ಬೇಕಿತ್ತು.

"ನೀವು ಇಲ್ಲೇ ಕುಂಡ್ರಿ. ನಾ ಹೋಗಿ ಬರ್ತೇನಿ" ಎಂದು ಹೋದ.

ಇಳಿಹೊತ್ತಿಗೆ ಬಂದ. ಟವೆಲ್ಲಿನ ಗಂಟಿನಲ್ಲಿ ಸೀತನಿ, ಹಾಲುಗಟ್ಟಿದ ಜೋಳದ ತೆನೆ ಸುಟ್ಟು ಉದುರಿಸಿದ ಕಾಳು. ಇನ್ನೂ ಬೆಚ್ಚಗಿತ್ತು. ಏನು ನೋಡಿದೆಪ್ಪಾ ಎಂದು ಕೇಳಿದೆ. "ಏನಿಲ್ರಿ, ಕುಂತಿದ್ದೆ" ಎಂದ. ಅಷ್ಟೇ.

ಅಂದರೆ ಬನ್ನಿಗಿಡದ ಕೆಳಗೆ ಕೂತವನು ನಾನು. ತೊಗರಿ ಹೊಲ ನೋಡಿದವನೂ ನಾನು. ಲೋಕ ಮರೆತವನೂ ನಾನೇ (ನಿದ್ದೆ ಹತ್ತಿತ್ತು). ಇಷ್ಟು ವರ್ಷಗಳಲ್ಲಿ ಯಾವಾಗಲೋ ನೆನಪು ನನ್ನನ್ನು ಎಬ್ಬಿಸಿ, ಆ ಜಾಗದಲ್ಲಿ ಹಣಮಂತಪ್ಪನನ್ನು ಕೂರಿಸಿಬಿಟ್ಟಿದೆ. ನಾನು ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ಅದೇ ಹೆಚ್ಚು ಹೆದರಿಕೆಯ ಸಂಗತಿ. ಸುಳ್ಳು ಹೇಳಿದವನಿಗೆ ನಿಜ ಯಾವುದೆಂದಾದರೂ ಗೊತ್ತಿರುತ್ತದೆ.

ಸತ್ತವರ ಬಗ್ಗೆ ಬರೆಯುವ ನಮಗೆ ಒಂದು ಗಿಡ ಬೇಕೇ ಬೇಕು. ಇಲ್ಲವೇ ಒಂದು ಹಳ್ಳ, ಒಂದು ಮುಳುಗುವ ಸೂರ್ಯ. ಬದುಕಿದ್ದಾಗ ಆತ ಮಂದಿಯಿಂದ ತಪ್ಪಿಸಿಕೊಳ್ಳಲು ಹೊಲ ಹೊಕ್ಕ. ಸತ್ತ ಮೇಲೆ ನಾನು ಎಳೆತಂದು ಬಂಡಿಯವರ ನಡುವೆ ಕೂರಿಸಿದೆ.

"ನಿನ್ನೆ ಚರಗ?" ಎಂದು ಮೆಲ್ಲಗೆ ಕೇಳಿದೆ.

ನಾಗಮ್ಮ ಬುಟ್ಟಿಯ ಅರಿವೆ ಸರಿಸಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳು, ಒಂದೂ ಮುರಿದಿರಲಿಲ್ಲ.

"ಕಡುಬು, ಭಜ್ಜಿ ಎತ್ತಿಗಿ ಹಾಕಿದೆವ್ರಿ. ರೊಟ್ಟಿ ಹಂಗೇ ತಂದೇನಿ. ಅಮಾಸಿ ಹೋತು, ಹೋಗಲಿ. ನೀವು ಜಾಗ ಹೇಳಿದರ ಇವತ್ತೇ ಹೋಗತೇನಿ. ಅಣ್ಣ ಇನ್ನ ಬಂಡಿ ಬಿಟ್ಟಿಲ್ಲ."

ಕಿಟಕಿಯಿಂದ ನೋಡಿದೆ. ಹೌದು, ಹೊರಗೆ ಎತ್ತು ಹೂಡಿದ ಬಂಡಿ ನಿಂತಿತ್ತು.

ಇಲ್ಲೊಂದು ತಪ್ಪೊಪ್ಪಿಗೆ. ನನ್ನ ಬಾಯಿ ಆಗಲೇ ತೆರೆದಿತ್ತು. "ಹಳ್ಳ ದಾಟಿದ ಮ್ಯಾಲ ಎಡಕ್ಕೊಂದು ದಿನ್ನಿ ಅದ ನೋಡವ್ವಾ..." ಎಂದು ಶುರುಮಾಡಿದ್ದೆ. ಆ ದಿಬ್ಬ ನನಗೆ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಅದರ ಮೇಲೊಂದು ಚಪ್ಪಟೆ ಕಲ್ಲೂ ಮೂಡುತ್ತಿತ್ತು.

ನಾಗಮ್ಮ ನನ್ನ ಮುಖ ನೋಡಿದಳು. "ಕಂಡೀರೇನು, ಹಂಗ ಅನಸ್ತದೇನು?"

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ್ದೇನೆ. ಇಂಥದೊಂದು ನನಗೆ ಹೊಳೆದಿರಲಿಲ್ಲ.

"ಕಂಡಿಲ್ಲವ್ವಾ" ಎಂದೆ. "ಯಾವ ಕಡೆ ಹೋದ ಅನ್ನೋದೂ ನೋಡಿಲ್ಲ. ನನ್ನ ಕಾಲು ನೋಡಿಕೋತ ಕುಂತಿದ್ದೆ. ತಿರುಗಿ ಬರೋವಾಗ ಬಿಸಿ ಸೀತನಿ ತಂದಿದ್ದ, ಅಷ್ಟೇ ಗೊತ್ತು."

ಬೈದಿದ್ದರೆ ಚೆನ್ನಾಗಿತ್ತು. ಆಕೆ ಬುಟ್ಟಿಗೆ ಅರಿವೆ ಮುಚ್ಚಿದಳು.

"ಆ ಸೀತನಿ ಕೊಟ್ಟವರು ಯಾರರೆ ಅದಾರಲ್ರಿ. ಅವರು ಕಂಡಿರಬೇಕು. ನಿಮ್ಮ ಪೇಪರದಾಗ ಕೇಳ್ರಿ. ಸಜ್ಜಿ ರೊಟ್ಟಿ ಇನ್ನ ಹದಿನೈದು ದಿನ ಕೆಡಂಗಿಲ್ಲ."

ಹೊಸ್ತಿಲು ದಾಟುವಾಗ ತಿರುಗಿ ಸೇರಿಸಿದಳು: "ಗಿಡ-ಪಡ ಬರೀಬ್ಯಾಡ್ರಿ."

ಆದ್ದರಿಂದ ಕೇಳುತ್ತಿದ್ದೇನೆ. ಆಳಂದದಿಂದ ನಿಂಬರ್ಗಾದ ಕಡೆಗೆ ಹೊಲ ಇರುವವರೇ, ಶುಕ್ರವಾರಗಳಂದು ಕೊರಳಿನ ಅಳತೆಪಟ್ಟಿ ತೆಗೆಯಲು ಮರೆತೇ ಬರುತ್ತಿದ್ದ ಸಣಕಲು ಮನುಷ್ಯನೊಬ್ಬ ನಿಮ್ಮ ಹೊಲದಲ್ಲಿ ಕೂತದ್ದನ್ನು ನೋಡಿದ್ದೀರಾ? (ಅಳತೆಪಟ್ಟಿ ನಿಜ. ನಾಗಮ್ಮನ ಅಣ್ಣನನ್ನೂ ಕೇಳಿ ನೋಡಿದ್ದೇನೆ.) ಆತನಿಗೆ ಸೀತನಿ ಕೊಟ್ಟಿದ್ದೀರಾ? ಹಾಗಿದ್ದರೆ ನೆಟ್ಟಗೆ ನಾಗಮ್ಮನ ಮನೆಗೆ ಹೋಗಿ ಜಾಗ ಹೇಳಿ.

ನನ್ನಲ್ಲಿಗೆ ಬರಬೇಡಿ. ಹಣಮಂತಪ್ಪ ಎಲ್ಲಿ ಕೂರುತ್ತಿದ್ದ ಎಂಬುದು ನನಗೆ ಗೊತ್ತಿಲ್ಲ.