ಗೋಲ್‌ಕೀಪರ್ ಬೆನ್ನ ಹಿಂದಿನ ಸೀಟು

ಚೆನ್ನೈ ಹೊರವಲಯದ ಈ ದೊಡ್ಡ ಸ್ಟೇಡಿಯಮ್ಮಿನಲ್ಲಿ ನಡುವಿನ ನೆರಳಿನ ಸೀಟುಗಳು ಎಷ್ಟೋ ಖಾಲಿ ಇದ್ದವು. ಆದರೂ ಶ್ರೀಕಂಠಣ್ಣ ನನ್ನನ್ನು ಗೋಲ್‌ಪೋಸ್ಟಿನ ಹಿಂದೆ, ನಾಲ್ಕು ಗಂಟೆಯ ಬಿಸಿಲಿನಲ್ಲಿ ಕೂರಿಸಿದ. ರೈಲ್ವೆಯಲ್ಲಿರುವ ಇವನು ನನ್ನ ದೊಡ್ಡಪ್ಪನ ಮಗ, ಮನೆ ಇದೇ ಊರಿನ ಕೀಲ್ಪಾಕಿನಲ್ಲಿ. ಬಲೆಯ ಆಚೆ ನಿಂತಿದ್ದ ಗೋಲ್‌ಕೀಪರ್ ಅವನ ಮಗಳು ನಂದಿನಿ. ನನಗೆ ಕಂಡದ್ದು ಅವಳ ಬೆನ್ನು ಮಾತ್ರ. ಆಟವೆಲ್ಲ ದೂರದಲ್ಲೆಲ್ಲೋ ನಡೆಯುತ್ತಿತ್ತು.

ಅರ್ಧ ಆಟ ಮುಗಿದು ತಂಡಗಳು ಬದಿ ಬದಲಿಸುವಾಗ ಶ್ರೀಕಂಠಣ್ಣನೂ ಕತ್ತಿನ ಬೆವರೊರೆಸಿಕೊಂಡು ಎದ್ದ. ಇನ್ನೊಂದು ತುದಿಗೆ ಹೋಗುವ ಗೇಟಿನಲ್ಲಿ ಕಾವಲಿನ ಹೆಂಗಸು ತಡೆದಳು. ನಮ್ಮ ಟಿಕೆಟ್ಟು ಈ ಕಡೆಯದು.

"ಕೀಪರ್ ನಮ್ಮ ಪೊಣ್ಣು, ಮಾ," ಎಂದ ಅವನು ತಮಿಳಿನಲ್ಲಿ.

ಅವಳು ಮೈದಾನದಲ್ಲಿ ಕೈಗವಸು ಬಿಗಿದುಕೊಳ್ಳುತ್ತಿದ್ದ ಹುಡುಗಿಯನ್ನು ನೋಡಿದಳು, ಅಪ್ಪನ ಮುಖ ನೋಡಿದಳು, ಗೇಟು ತೆಗೆದಳು.

ಮತ್ತೆ ಬಿಸಿಲು, ಮತ್ತೆ ಅದೇ ಬೆನ್ನು. ನನಗೆ ಒಳಗೊಳಗೇ ಸಿಟ್ಟು ಬಂತು.

"ನಡುವೆ ಕೂತಿದ್ರೆ ಎರಡೂ ಕಡೆ ಕಾಣ್ತಿತ್ತಲ್ಲ ಅಣ್ಣ?"

"ನಮ್ಮೋರು ಗೋಲ್ ಹೊಡೆದ್ರೆ ಎಲ್ಲಾ ಅಲ್ಲೇ ತಬ್ಕೊಂಡು ಕುಣೀತಾರೆ ಕಣೋ. ಇವಳು ಈ ಕಡೆ ಒಬ್ಬಳೇ ಇರ್ತಾಳೆ."

ಆಟ ಮುಗಿಯಲು ಸ್ವಲ್ಪವೇ ಇರುವಾಗ ಆ ದೂರದ ತುದಿಯಲ್ಲಿ ನಂದಿನಿಯ ತಂಡ ಗೋಲ್ ಹೊಡೆಯಿತು. ಇದ್ದಷ್ಟೂ ಜನ ಎದ್ದು ನಿಂತು ಅತ್ತ ನೋಡಿದರು. ನಂದಿನಿ ಇತ್ತ ತಿರುಗಿ ಎರಡೂ ಕೈ ಎತ್ತಿದಳು. ಅಷ್ಟರಲ್ಲಾಗಲೇ ಶ್ರೀಕಂಠಣ್ಣನ ಕೈಗಳು ಮೇಲಿದ್ದವು.