ಗೊಬ್ಬರದ ಹೆಂಟೆ

ಬಂಡಿಯಿಂದ ಬಿದ್ದವಳ ಅಂಗೈ ಸಿಡಿಮದ್ದಿನ ವಾಸನೆ ಹೊಡೆಯುವುದಿಲ್ಲ. ಸುರಪುರದ ದವಾಖಾನೆಯಲ್ಲಿ ನಾನು ನರ್ಸಾಗಿದ್ದ ಆ ಬೇಸಿಗೆಯಲ್ಲಿ ಹಾಗೆ ಬಂದ ಮೂರನೆಯ ಮಗು ಅವಳು. ಎರಡು ಬೆರಳು ಹಾರಿಹೋಗಿದ್ದವು, ಇನ್ನೊಂದು ತೊಗಲಿನಲ್ಲಿ ಜೋತಾಡುತ್ತಿತ್ತು. ಮುಖದ ತುಂಬ ಸುಟ್ಟ ಕರಿ ಚುಕ್ಕೆ. ಎಷ್ಟು ಅದುಮಿ ಹಿಡಿದರೂ ಅವಳ ರಕ್ತ ನನ್ನ ಮೊಣಕೈವರೆಗೆ ಇಳಿಯಿತು. ಡಾಕ್ಟರು ಮುಂಗೈಯನ್ನೇ ಕತ್ತರಿಸಬೇಕಾಯಿತು.

"ಬಂಡ್ಯಾಗಿಂದ ಬಿದ್ದಾಳ್ರಿ ಅಕ್ಕಾರ," ಎಂದಳು ತಾಯಿ. ಹಿಂದಿನ ಇಬ್ಬರ ಮನೆಯವರೂ ಅದನ್ನೇ ಹೇಳಿದ್ದರು. ಮೂವರೂ ಹುಣಸಗಿ ದಾರಿಯ ಒಂದೇ ಹಳ್ಳಿಯವರು. ನಮ್ಮ ಡಾಕ್ಟರಿಗೆ ಗಾಯ ಹೊಲಿದ ಮಾತ್ರಕ್ಕೆ ಸಮಾಧಾನವಿಲ್ಲ. ಅದು ಎಲ್ಲಿ, ಏನು ಮಾಡುವಾಗ ಆಯಿತೆಂದು ತಿಳಿಯಬೇಕು, ಮುಂದಿನ ಮಗುವನ್ನಾದರೂ ಉಳಿಸಬೇಕು. ಅವರು ಮೆತ್ತಗೆ ಕೇಳುತ್ತ ಕೂತರು. ನನಗೆ ತಲೆ ಕೆಟ್ಟಿತು. ಕತ್ತರಿಸಿದ ಕೈಯಿದ್ದ ಬೋಗುಣಿಯನ್ನು ಆ ತಾಯಿಯ ಮುಂದೆ ಕುಕ್ಕಿದೆ.

"ಇನ್ನೊಮ್ಮೆ ಹೇಳವಾ, ಬಂಡ್ಯಾಗಿಂದ ಬಿದ್ದಾಳಂತ!"

ಆಮೇಲೆ ಬಾಯಿಬಿಟ್ಟಳು. ರಜಾಕಾರರ ಗಲಾಟೆಯಲ್ಲಿ ಊರು ಕಾಯಲೆಂದು ನಾಡಬಾಂಬು ಮಾಡಿಟ್ಟಿದ್ದರಂತೆ. ನಿಜಾಮನ ಆಳ್ವಿಕೆ ಮುಗಿದು ಮಿಲಿಟರಿಯವರು ಮನೆಮನೆ ಜಾಲಾಡುವಾಗ, ಹಿರಿಯರು ಅವನ್ನೆಲ್ಲ ಗಡಿಗೆಗೆ ತುಂಬಿ ಗೌಡರ ತಿಪ್ಪೆಯಲ್ಲಿ ಹುಗಿದರು. ಸಗಣಿಗೆ ಯಾವ ಸಿಪಾಯಿ ಕೈ ಹಾಕುತ್ತಾನೆ ಎಂಬ ಲೆಕ್ಕ. ಈಗ ತಿಪ್ಪೆಯ ಗೊಬ್ಬರ ಬಂಡಿಯೇರಿ ಹೊಲಕ್ಕೆ ಹೋಗಿತ್ತು, ಗಡಿಗೆ ಒಡೆದು ಅದರೊಳಗಿನ ಬಾಂಬುಗಳೂ ಸಗಣಿ ಮೆತ್ತಿಕೊಂಡು ಹೋಗಿದ್ದವು. ಒಣಗಿ ಗಟ್ಟಿಯಾದ ಗೊಬ್ಬರದ ಹೆಂಟೆಗಳನ್ನು ಕಲ್ಲಿನಿಂದ ಜಜ್ಜಿ ಪುಡಿ ಮಾಡುವುದು ನಮ್ಮ ಕಡೆ ಮಕ್ಕಳ ಕೆಲಸ.

"ಇಬ್ಬರು ಹುಡುಗ್ರಿಗೆ ಸಿಡಿದ ಮ್ಯಾಲ ಗೌಡ್ರು ಎಲ್ಲಾ ಆರಿಸಿ ತಗದೀವಿ ಅಂದ್ರು. ಅದನ್ನ ನಂಬಿ ಕಳಿಸಿದ್ನಿರಿ," ಎಂದು ಅತ್ತಳು.

ಮರುದಿನ ತಾಯಿ ಮಗಳನ್ನು ದವಾಖಾನೆಯಲ್ಲಿ ಅಜ್ಜಿಗೆ ಒಪ್ಪಿಸಿ, ಡಾಕ್ಟರು ಮತ್ತು ನನ್ನ ಜೊತೆ ಹಳ್ಳಿಗೆ ಬಂದಳು. ಗೌಡರ ಹೊಲದಲ್ಲಿ ಮಕ್ಕಳು ಸಾಲಾಗಿ ಕೂತು ಹೆಂಟೆ ಜಜ್ಜುತ್ತಿದ್ದರು. ನಾನು ಅರಚಿಕೊಂಡು ಓಡಿ, ಸಿಕ್ಕವರ ರಟ್ಟೆ ಹಿಡಿದು ಬದುವಿನಾಚೆ ತಳ್ಳಿದೆ. ಬಿದ್ದು ಮಂಡಿ ತರಚಿದರೆ ತರಚಲಿ. ಅಷ್ಟರಲ್ಲಿ ಗೌಡರು ಮೊಮ್ಮಗಳೊಂದಿಗೆ ಬಂದರು, ಹಿಂದೆಯೇ ಊರವರು.

"ಪೊಲೀಸರಿಗೆ ಹೇಳೋದಿಲ್ಲ ಗೌಡರೆ, ಈ ಗೊಬ್ಬರ ಮಕ್ಕಳ ಕೈಗೆ ಕೊಡಬೇಡಿ," ಎಂದರು ಡಾಕ್ಟರು.

"ಗೊಬ್ಬರದಾಗ ಏನೂ ಇಲ್ರಿ. ಈಕಿ ಸುಳ್ಳ ಹೇಳ್ಯಾಳ."

ತಾಯಿ ನೆಲದಿಂದ ಕಲ್ಲೊಂದನ್ನು ಎತ್ತಿ ಅವರ ಮುಂದೆ ಹಿಡಿದಳು. "ಹಂಗಾದ್ರ ನೀವ ಒಂದು ಹೆಂಟಿ ಒಡೀರಿ ಗೌಡ್ರ."

ಗೌಡರು ಕಲ್ಲು ಮುಟ್ಟಲಿಲ್ಲ. ಊರವರಲ್ಲೂ ಯಾರೂ ಮುಂದೆ ಬರಲಿಲ್ಲ. ಅಜ್ಜನಿಗೆ ಎಲ್ಲರೆದುರು ಅವಮಾನವಾದದ್ದು ಆ ಮೊಮ್ಮಗಳಿಗೆ ಸಹಿಸಲಾಗಲಿಲ್ಲ. ಕಲ್ಲು ಕಸಿದುಕೊಂಡು, "ನಾ ಒಡೀತೀನಿ ಮುತ್ಯಾ!" ಎಂದು ಕುಕ್ಕರುಗಾಲಲ್ಲಿ ಕೂತು ಕೈ ಎತ್ತಿದಳು.

ಗೌಡರು ಬಾರಿಸಿದ ಏಟಿಗೆ ಹುಡುಗಿ ಮಾರುದೂರ ಹೋಗಿ ಬಿದ್ದಳು. ತುಟಿ ಸೀಳಿ ಬಾಯಿ ತುಂಬ ರಕ್ತ. ಅಷ್ಟಕ್ಕೂ ಬಿಡದೆ ಅವಳನ್ನು ಜಡೆ ಹಿಡಿದು ಬದುವಿನವರೆಗೆ ಎಳೆದೊಯ್ದರು. ಅಲ್ಲಿ ಅವಳನ್ನು ಅವಚಿಕೊಂಡು ಕೂತುಬಿಟ್ಟರು.

ತಾಯಿ ಅವರ ಹತ್ತಿರ ಹೋಗಿ ನಿಂತಳು.

"ನನ್ನ ಮಗಳಿಗೂ ಹಿಂಗ ಒಂದೇಟು ಹಾಕಬೇಕಿತ್ರಿ ಗೌಡ್ರ," ಎಂದಳು.